14 ವರ್ಷ ನಿಂತ ಫಿಯೇಟ್: ಮೊದಲು ಬ್ರೇಕ್, ಆಮೇಲೆ ಸ್ಟಾರ್ಟ್

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ರಾಯಚೂರಿನಿಂದ ಮಾತಾಡ್ತಾ ಇದೀನಿ.

ನಿಮ್ಮ ಫೋನಿಗೆ ಇಂಥದ್ದೊಂದು ರೀಲ್ ಬಂದೇ ಬಂದಿರುತ್ತೆ. ಧೂಳು ಮುಚ್ಚಿದ ಹಳೇ ಕಾರು. ಯಾರೋ ಬಂದು ಹೊಸ ಬ್ಯಾಟರಿ ಇಡ್ತಾರೆ, ಬಾಟ್ಲಿಯಲ್ಲಿ ಪೆಟ್ರೋಲ್ ತಂದು ಪೈಪ್ ಸಿಗಿಸ್ತಾರೆ, ಕೀ ತಿರುಗಿಸ್ತಾರೆ. ನಾಲ್ಕು ಸಲ ಬರೀ ಸದ್ದು. ಐದನೇ ಸಲಕ್ಕೆ ಹೊಗೆ ಬಿಟ್ಟು ಎಂಜಿನ್ ಚಾಲೂ! ಕೆಳಗೆ ಲೈಕುಗಳ ಮಳೆ.

ನಾನೂ ಅದನ್ನೇ ಮಾಡಿದೆ. ವಿಡಿಯೋನೂ ಮಾಡಿದೆ. ಎಂಟು ದಿನ ಕಳೆದ ಮೇಲೆ ಅದೇ ಕಾರು ನನ್ನನ್ನೂ, ಪಕ್ಕದಲ್ಲಿ ಕೂತಿದ್ದ ಮಾಮಾನ ಹನ್ನೊಂದು ವರ್ಷದ ಮಗನನ್ನೂ ಕರಕೊಂಡು ಸೀದಾ ಭತ್ತದ ಹೊಟ್ಟಿನ ರಾಶಿಗೆ ನುಗ್ಗಿತು. ಬ್ರೇಕ್ ಇರಲಿಲ್ಲ.

ಹಾಗಾಗಿ ಇವತ್ತು ಹಳೇ ಕಾರನ್ನು ಸ್ಟಾರ್ಟ್ ಮಾಡೋದು ಹೇಗೆ ಅಂತ ಹೇಳಲ್ಲ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಹೇಳ್ತೀನಿ. ನಾನು ಓದಿದ್ದು ಬಿ.ಕಾಂ, ಮೆಕ್ಯಾನಿಕ್ ಅಲ್ಲ. ತಪ್ಪು ಮಾಡಿ, ಬೈಸಿಕೊಂಡು, ಕೇಳಿ ಕಲಿತಿದ್ದು ಇದು.

ಯಾವ ಕಾರು ಇದು?

ಪ್ರೀಮಿಯರ್ ಪದ್ಮಿನಿ, 1986ರ ಮಾಡೆಲ್. ನಮ್ಮ ಕಡೆ ಇದಕ್ಕೆ ಪದ್ಮಿನಿ ಅನ್ನೋರು ಕಡಿಮೆ, ಫಿಯೇಟ್ ಅಂತಲೇ ಕರೀತಾರೆ. ಅದು ತಪ್ಪೂ ಅಲ್ಲ. ಇಟಲಿಯ ಫಿಯೇಟ್ 1100 ಕಾರನ್ನು ಮುಂಬೈನ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತಯಾರಿಸುತ್ತಿತ್ತು. 70ರ ದಶಕದಲ್ಲಿ ಅದಕ್ಕೆ ಪದ್ಮಿನಿ ಅನ್ನೋ ಹೆಸರು ಬಂತು. ಕಂಪನಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್, ನಮ್ಮ ರೈಲು ಮಾರ್ಗದಲ್ಲೇ ಬರುವ ಸೊಲ್ಲಾಪುರದವರು. 1940ರಲ್ಲಿ ಬೆಂಗಳೂರಿನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುವಾಯ್ತಲ್ಲ, ಇವತ್ತಿನ ಎಚ್‌ಎಎಲ್, ಅದನ್ನು ಶುರು ಮಾಡಿದವರೂ ಇವರೇ.

ಮುಂಬೈನ ಕಾಲಿ-ಪೀಲಿ ಟ್ಯಾಕ್ಸಿ ಅಂದ್ರೆ ಕಣ್ಣ ಮುಂದೆ ಬರೋದು ಇದೇ ಕಾರು. ಅಲ್ಲಿನ ಕೊನೇ ಪದ್ಮಿನಿ ಟ್ಯಾಕ್ಸಿಯ ಅವಧಿ ಮುಗಿದದ್ದು 2023ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಟ್ಯಾಕ್ಸಿಯಾಗಿ ಓಡಿದ್ದರಿಂದ ನಮಗೊಂದು ಲಾಭ ಇದೆ: ಬಿಡಿ ಭಾಗಗಳು ಇನ್ನೂ ಸಿಗುತ್ತವೆ. ಎಂಜಿನ್ 1089 ಸಿಸಿ, ನಾಲ್ಕು ಸಿಲಿಂಡರ್. ಗೇರ್ ಲಿವರ್ ಸ್ಟೇರಿಂಗ್ ಪಕ್ಕದಲ್ಲಿ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಬಾನೆಟ್ ತೆಗೆದರೆ ಪ್ರತಿಯೊಂದು ಭಾಗವೂ ಕಣ್ಣಿಗೆ ಕಾಣುತ್ತೆ, ಕೈಗೆ ಸಿಗುತ್ತೆ. ನನ್ನಂಥವನಿಗೆ ಧೈರ್ಯ ಬಂದಿದ್ದೇ ಅದರಿಂದ.

ನಮ್ಮ ಗಾಡಿ ತಾತನದು, ಅಂದ್ರೆ ತಾಯಿಯ ತಂದೆಯದು. ಮಾನ್ವಿಯಿಂದ ರಾಯಚೂರು ಗಂಜ್‌ಗೆ ಇದರಲ್ಲೇ ಬಂದು ಹೋಗ್ತಿದ್ದರು. 2011ರಲ್ಲಿ ತಾತ ತೀರಿಕೊಂಡ ಮೇಲೆ ತಗಡಿನ ಶೆಡ್‌ನಲ್ಲಿ ನಿಂತಿದ್ದು ನಿಂತೇ ಇತ್ತು. ಕಳೆದ ದಸರೆಗೆ ಮಾನ್ವಿಗೆ ಹೋದಾಗ ಮಾಮಾ ಹೇಳಿದರು: "ಗುಜರಿಯಾಂವ ಇಪ್ಪತ್ನಾಕು ಸಾವಿರ ಅಂದಾನ. ದೀಪಾವಳಿ ಆದ ಮ್ಯಾಲ ಒಯ್ತಾನ."

ನಾನು ಬಾಯಿ ಹಾಕಿದೆ. "ಮಾಮಾ, ನಾನು ಚಾಲೂ ಮಾಡ್ತೀನ್ರಿ."

ನಾನು ಮಾಡಿದ ತಪ್ಪು

ಮೊದಲನೇ ಭಾನುವಾರವೇ ಬ್ಯಾಟರಿ ತಂದೆ, ಪ್ಲಗ್ ಒರೆಸಿದೆ, ಬಾಟ್ಲಿ ಪೆಟ್ರೋಲಿನಲ್ಲಿ ಎಂಜಿನ್ ಚಾಲೂ ಆಯ್ತು. ಎರಡೇ ಗಂಟೆ ಕೆಲಸ. ಓಣಿ ಮಂದಿಯೆಲ್ಲ ಬಂದು ನೋಡಿದರು. ಅಂಗಳದಲ್ಲಿ ಹಿಂದೆ ಮುಂದೆ ಓಡಾಡಿಸಿದೆ. ಬ್ರೇಕ್ ಮೆತ್ತಗೆ ಒತ್ತಿದರೆ ಹಿಡೀತಿತ್ತು. ಸಾಕು ಅಂದುಕೊಂಡೆ.

ಮುಂದಿನ ಭಾನುವಾರ ರಸ್ತೆಗೆ ತಂದೆ. ಮನೆ ಪಕ್ಕದಲ್ಲಿ ಒಂದು ರೈಸ್ ಮಿಲ್ ಇದೆ, ಅದರ ಮುಂದೆ ರಸ್ತೆ ಸ್ವಲ್ಪ ಇಳಿಜಾರು. ಎದುರಿಗೆ ಚೀಲ ತುಂಬಿದ ಲಾರಿ ಬಂತು. ಬ್ರೇಕ್ ಜೋರಾಗಿ ತುಳಿದೆ. ಪೆಡಲ್ ಸೀದಾ ನೆಲಕ್ಕೆ ಹೋಯ್ತು, ಹತ್ತಿ ತುಳಿದ ಹಾಗೆ. ಹ್ಯಾಂಡ್‌ಬ್ರೇಕ್ ಎಳೆದೆ, ಕೇಬಲ್ ತುಕ್ಕು ಹಿಡಿದಿತ್ತು. ಎಡಕ್ಕೆ ತಿರುಗಿಸಿದೆ. ಮಿಲ್ಲಿನವರು ರಸ್ತೆ ಬದಿಗೆ ಸುರಿದಿದ್ದ ಹೊಟ್ಟಿನ ರಾಶಿ ನಮ್ಮನ್ನು ಉಳಿಸಿತು. ಹುಡುಗನಿಗೆ ಏನೂ ಆಗಲಿಲ್ಲ. ಅವನು ನಕ್ಕ. ನನ್ನ ಕೈ ಮಾತ್ರ ಅರ್ಧ ಗಂಟೆ ನಡುಗುತ್ತಲೇ ಇತ್ತು.

ಇನ್ನೊಂದು ಮಾತು ಮುಚ್ಚಿಡದೆ ಹೇಳ್ತೀನಿ. ಅವತ್ತು ಆ ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ, ಆರ್‌ಸಿ ಅವಧಿ ಮುಗಿದು ವರ್ಷಗಳಾಗಿತ್ತು. ಯಾರಿಗಾದರೂ ಗುದ್ದಿದ್ದರೆ ಅದು ಬರೀ ಅಪಘಾತ ಅಲ್ಲ, ಇಡೀ ಮನೆ ಕೋರ್ಟ್ ಕಟ್ಟೆ ಹತ್ತಬೇಕಾಗ್ತಿತ್ತು.

ಮಾಮಾ ಬೈಯಲಿಲ್ಲ. ಕೀ ತಗೊಂಡು ಜೇಬಿಗೆ ಹಾಕ್ಕೊಂಡರು. "ದೇವದುರ್ಗಕ್ಕ ಹೋಗು. ನಿಮ್ಮ ತಾತನ ಗಾಡಿ ನೋಡ್ತಿದ್ದ ಉಸ್ತಾದ್ ಇನ್ನೂ ಅದಾರ. ಅವರು ಹೂಂ ಅಂದ್ರ ಕೀ. ಇಲ್ಲಂದ್ರ ಗುಜರಿ." ಅಷ್ಟೇ ಅಂದರು.

ಉಸ್ತಾದ್ ಕೊಟ್ಟ ಲೆಕ್ಕ

ಸಿರವಾರ ಮೇಲೆ ದೇವದುರ್ಗಕ್ಕೆ ಬಸ್ ಹಿಡಿದೆ. ಉಸ್ತಾದ್‌ಗೆ ಈಗ ವಯಸ್ಸಾಗಿದೆ, ಗ್ಯಾರೇಜ್ ಮಗ ನೋಡ್ಕೊಳ್ತಾರೆ, ಬರೀ ಬೈಕ್ ಕೆಲಸ. ನಾನು ಹೆಮ್ಮೆಯಿಂದ ಫೋನ್ ತೆಗೆದು ಎಂಜಿನ್ ಚಾಲೂ ಆದ ವಿಡಿಯೋ ತೋರಿಸಿದೆ. ಅವರು ಪೂರ್ತಿ ನೋಡಲೂ ಇಲ್ಲ.

"ಚಾಲೂ ಮಾಡೋದು ದೊಡ್ಡ ಮಾತಲ್ಲ ತಮ್ಮಾ. ನಿಂದ್ರತದೇನು? ಅದನ್ನ ಹೇಳು ಮೊದಲ."

ಆಮೇಲೆ ಬೆರಳು ಮಡಚಿ ಎಣಿಸಿದರು. ಮೊದಲು ತುಕ್ಕು. ಎರಡನೇದು ಬ್ರೇಕ್. ಮೂರು ನೀರು, ಅಂದ್ರೆ ರೇಡಿಯೇಟರ್. ನಾಲ್ಕು ಪೆಟ್ರೋಲ್. ಐದು ಕರೆಂಟ್. ಎಲ್ಲ ಆದ ಮೇಲೆ ಸ್ಟಾರ್ಟ್. ನಾನು ಕಡೇದರಿಂದ ಶುರು ಮಾಡಿದ್ದೆ! ಈಗ ಅದೇ ಕ್ರಮದಲ್ಲಿ ನೋಡೋಣ.

1. ತುಕ್ಕು: ಉಳಿಸಬೇಕೋ, ಬಿಡಬೇಕೋ?

ಲಾರಿಗೆ, ಹಳೇ ಜೀಪಿಗೆ ಕೆಳಗೆ ಬೇರೆ ಚಾಸಿ ಇರುತ್ತೆ. ಪದ್ಮಿನಿಗೆ ಹಾಗಲ್ಲ, ಬಾಡಿಯೇ ಚಾಸಿ. ಹಾಗಾಗಿ ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಜಾಕ್ ಕೊಡುವ ಜಾಗ ಕೊಳೆತಿದ್ದರೆ ಗಾಡಿಯ ಬೆನ್ನುಮೂಳೆಯೇ ಹೋದ ಹಾಗೆ. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ನೀರು ಹಿಡಿದುಕೊಂಡರೆ ವಾರಗಟ್ಟಲೆ ಬಿಡಲ್ಲ, ಆ ತೇವ ಕೆಳಗಿನಿಂದ ತಗಡನ್ನು ತಿನ್ನುತ್ತೆ. ಮೇಲಿನ ಬಣ್ಣ ಚೆನ್ನಾಗಿದೆ ಅಂತ ನಂಬಬೇಡಿ.

ಒಂದು ಸ್ಕ್ರೂಡ್ರೈವರ್ ತಗೊಂಡು ಈ ಜಾಗಗಳಲ್ಲಿ ಗಟ್ಟಿಯಾಗಿ ಒತ್ತಿ ನೋಡಿ. ಠಣ್ ಅಂದರೆ ಸರಿ. ಚುಚ್ಚಿ ಒಳಗೆ ಹೋದರೆ ಅಲ್ಲಿ ವೆಲ್ಡಿಂಗ್ ಬೇಕು. ನಮ್ಮದರಲ್ಲಿ ಡ್ರೈವರ್ ಕಾಲಿಡುವ ಜಾಗದಲ್ಲಿ ಎರಡು ತೂತು ಇದ್ದವು, ಜಾಕ್ ಜಾಗ ಗಟ್ಟಿ ಇತ್ತು. ಬಾಗಿಲ ಕೆಳಗಿನ ಪಟ್ಟಿ ಎರಡೂ ಕಡೆ ಉದುರುತ್ತಿದ್ದರೆ ನನ್ನಂಥ ಹವ್ಯಾಸಿ ಆ ಗಾಡಿ ಬಿಡೋದೇ ಒಳ್ಳೇದು.

ಗಾಡಿ ಎತ್ತುವಾಗ ಎಚ್ಚರ. ಎರೆ ಮಣ್ಣಿನಲ್ಲಿ ಜಾಕ್ ಮೆಲ್ಲಗೆ ಹೂತುಹೋಗುತ್ತೆ. ಕೆಳಗೆ ದಪ್ಪ ಮರದ ಹಲಗೆ ಇಡಿ, ಗಾಲಿಗೆ ಕಲ್ಲು ಕೊಡಿ, ಜಾಕ್ ಮೇಲೆ ಎತ್ತಿದ ಮೇಲೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ. ಇಟ್ಟಿಗೆ ಜೋಡಿಸಿ ಕೆಳಗೆ ತೂರಬೇಡಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತೆ.

2. ಬ್ರೇಕ್: ಇಡೀ ಕತೆಯ ಎದೆ

ನೀವು ಪೆಡಲ್ ತುಳಿದಾಗ ಏನಾಗುತ್ತೆ? ಪೆಡಲ್ ಮಾಸ್ಟರ್ ಸಿಲಿಂಡರ್ ಅನ್ನೋ ಪಿಚಕಾರಿಯನ್ನು ಒತ್ತುತ್ತೆ. ಅದರಲ್ಲಿರುವ ಬ್ರೇಕ್ ಆಯಿಲ್ ಸಣ್ಣ ಪೈಪುಗಳಲ್ಲಿ ನಾಲ್ಕೂ ಗಾಲಿಗೆ ಹೋಗುತ್ತೆ. ಪ್ರತಿ ಗಾಲಿಯ ಡ್ರಮ್ ಒಳಗೂ ಸಣ್ಣ ಸಿಲಿಂಡರ್‌ಗಳಿವೆ. ಅವು ಬ್ರೇಕ್ ಶೂಗಳನ್ನು ಹೊರಕ್ಕೆ ತಳ್ಳುತ್ತವೆ, ಶೂ ಡ್ರಮ್‌ಗೆ ಉಜ್ಜುತ್ತೆ, ಗಾಲಿ ನಿಲ್ಲುತ್ತೆ. ಈ ಸಿಲಿಂಡರ್‌ಗಳಲ್ಲಿ ಆಯಿಲ್ ಸೋರದ ಹಾಗೆ ತಡೆಯೋದು ಬೆರಳ ತುದಿಯಷ್ಟಿರುವ ರಬ್ಬರ್ ಕಪ್.

14 ವರ್ಷದಲ್ಲಿ ಎರಡು ಕೆಡುಕು ಆಗಿರುತ್ತೆ. ರಬ್ಬರ್ ಒಣಗಿ ಗಟ್ಟಿಯಾಗಿರುತ್ತೆ. ಇನ್ನೊಂದು, ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ನೀರು ಸೇರಿದ ಆಯಿಲ್‌ಗೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಕುದ್ದರೆ ಪೈಪಿನಲ್ಲಿ ಆವಿ ತುಂಬುತ್ತೆ. ಆಯಿಲ್ ಒತ್ತಿದರೆ ಕುಗ್ಗಲ್ಲ, ಆವಿ ಕುಗ್ಗುತ್ತೆ. ಹಾಗಾಗಿ ಪೆಡಲ್ ಕೆಳಗೆ ಹೋಗುತ್ತೆ, ಗಾಡಿ ನಿಲ್ಲಲ್ಲ. ಸಾಲದ್ದಕ್ಕೆ ಆ ನೀರು ಸಿಲಿಂಡರ್‌ನ ಒಳಗೋಡೆಗೆ ತುಕ್ಕು ಹಿಡಿಸುತ್ತೆ. ಮೆತ್ತಗೆ ತುಳಿದಾಗ ಹೇಗೋ ಹಿಡಿದ ಕಪ್, ಜೋರಾಗಿ ತುಳಿದಾಗ ಆ ಒರಟು ಗೋಡೆಗೆ ಉಜ್ಜಿ ಹರಿಯುತ್ತೆ.

ನನಗೆ ಆಗಿದ್ದು ಅದೇ. ಹಿಂದಿನ ಎಡಗಾಲಿಯ ಕಪ್ ಹರಿದಿತ್ತು. ಒಂದು ಗಾಲಿಯ ಕಪ್ ಹೋದರೆ ನಾಲ್ಕೂ ಬ್ರೇಕ್ ಯಾಕೆ ಹೋಗಬೇಕು? ಇವತ್ತಿನ ಕಾರುಗಳಲ್ಲಿ ಬ್ರೇಕ್ ಲೈನ್ ಎರಡು ಪಾಲಾಗಿರುತ್ತೆ, ಒಂದು ಸೋರಿದರೆ ಇನ್ನೊಂದು ಕೆಲಸ ಮಾಡುತ್ತೆ. ನಮ್ಮ ಗಾಡಿಯಲ್ಲಿ ಎಲ್ಲದಕ್ಕೂ ಒಂದೇ ಲೈನ್. ಒಂದು ಕಡೆ ತೂತು ಬಿದ್ದ ಕೊಡದಲ್ಲಿ ನೀರು ನಿಲ್ಲುತ್ತಾ?

ಹಾಗಾಗಿ ಇಲ್ಲಿ ಅರ್ಧ ಕೆಲಸ ನಡೆಯಲ್ಲ. ಮಾಸ್ಟರ್ ಸಿಲಿಂಡರ್, ಗಾಲಿಯ ಸಿಲಿಂಡರ್‌ಗಳು, ರಬ್ಬರ್ ಹೋಸ್‌ಗಳು ಎಲ್ಲ ಹೊಸದು ಹಾಕಿದೆ. ಶೂಗಳಿಗೆ ಹೊಸ ಲೈನಿಂಗ್ ಹಚ್ಚಿಸಿದೆ. ಸಾಮಾನಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗೋ ಬದಲು ನಮಗೆ ಹತ್ತಿರದ ಸಿಕಂದರಾಬಾದ್ ರಾಣಿಗಂಜ್‌ಗೆ ಹೋದೆ. ಹಳೇ ಭಾಗ ಜೊತೆಗೆ ಒಯ್ದಿದ್ದೆ, ಪಕ್ಕಕ್ಕಿಟ್ಟು ಅಳತೆ ನೋಡಿ ತಂದೆ. ನೀವೂ ಹಾಗೇ ಮಾಡಿ.

ಹೊಸ ಆಯಿಲ್ ಹಾಕಿದ ಮೇಲೆ ಏರ್ ತೆಗೀಬೇಕು. ಇದಕ್ಕೆ ಇಬ್ಬರು ಬೇಕು. ಮಾಸ್ಟರ್ ಸಿಲಿಂಡರ್‌ನಿಂದ ಅತಿ ದೂರದ ಗಾಲಿಯಿಂದ ಶುರು. ಗಾಲಿಯ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಗಿಸಿ, ಅದರ ತುದಿ ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟ್ಲಿಯಲ್ಲಿ ಮುಳುಗಿರಲಿ. ಒಬ್ಬರು ಪೆಡಲ್ ತುಳಿದು ಹಿಡೀಬೇಕು, ಇನ್ನೊಬ್ಬರು ನಿಪ್ಪಲ್ ಸಡಿಲಿಸಬೇಕು. ಗುಳ್ಳೆ ಬರುತ್ತೆ. ನಿಪ್ಪಲ್ ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡಬೇಕು. ಗುಳ್ಳೆ ನಿಲ್ಲೋ ತನಕ ಹೀಗೇ. ನಡುನಡುವೆ ಮೇಲಿನ ಡಬ್ಬಿಗೆ ಆಯಿಲ್ ಹಾಕ್ತಿರಿ, ಖಾಲಿಯಾದರೆ ಮತ್ತೆ ಗಾಳಿ ಸೇರುತ್ತೆ. ನಮ್ಮಲ್ಲಿ ಪೆಡಲ್ ತುಳಿದವನು ಅದೇ ಹನ್ನೊಂದು ವರ್ಷದ ಹುಡುಗ. "ತುಳಿ", "ಬಿಡು" ಅನ್ನೋ ನನ್ನ ಕೂಗು ಓಣಿಗೆಲ್ಲ ಬಾಯಿಪಾಠ ಆಗಿತ್ತು.

ಎರಡು ಎಚ್ಚರಿಕೆ. ಬ್ರೇಕ್ ಭಾಗಗಳಿಗೆ ಎಂಜಿನ್ ಆಯಿಲ್, ಗ್ರೀಸ್, ಸೀಮೆಎಣ್ಣೆ ಮುಟ್ಟಿಸಬೇಡಿ, ರಬ್ಬರ್ ಉಬ್ಬಿ ಕೆಡುತ್ತೆ. ಬ್ರೇಕ್ ಆಯಿಲ್ ಬಾಡಿಗೆ ಚೆಲ್ಲಿದರೆ ಬಣ್ಣ ಕಿತ್ತು ಬರುತ್ತೆ, ತಕ್ಷಣ ನೀರು ಹಾಕಿ ತೊಳೀರಿ.

ಕೊನೆಗೆ ಉಸ್ತಾದ್ ಹೇಳಿದ ಪರೀಕ್ಷೆ: ಗಾಡಿ ನಿಂತಿದ್ದಾಗಲೇ ಪೆಡಲ್ ಗಟ್ಟಿಯಾಗಿ ತುಳಿದು ಹಿಡಿದು ಅರವತ್ತು ಎಣಿಸಿ. ಪೆಡಲ್ ಕಲ್ಲಿನ ಹಾಗೆ ನಿಂತರೆ ಪಾಸ್. ಮೆತ್ತಗಿದ್ದರೆ ಒಳಗೆ ಗಾಳಿ ಇದೆ. ಮೆಲ್ಲಗೆ ಕೆಳಗೆ ಇಳಿದರೆ ಎಲ್ಲೋ ಸೋರ್ತಿದೆ.

ಬ್ರೇಕ್ ಜೊತೆಗೇ ಟೈರ್. ನಮ್ಮ ಟೈರ್‌ಗಳಲ್ಲಿ ಹಲ್ಲು ಚೆನ್ನಾಗಿಯೇ ಇತ್ತು. ಆದರೆ ಪಕ್ಕದ ಗೋಡೆಯಲ್ಲಿ ಸಣ್ಣ ಬಿರುಕು. ಟೈರಿನ ಮೇಲೆ ನಾಲ್ಕಂಕಿ ಇರುತ್ತೆ ನೋಡಿ: 2309 ಅಂದ್ರೆ 2009ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೇ ರಬ್ಬರನ್ನು ನಮ್ಮ ಬಿಸಿಲಿನ ಡಾಂಬರು ರಸ್ತೆಯ ಮೇಲೆ ನಂಬೋದು ಬೇಡ.

3. ನೀರು: ರಾಯಚೂರು ಬಿಸಿಲಿನ ಪರೀಕ್ಷೆ

ಈ ಎಂಜಿನ್ನಿನ ಬ್ಲಾಕ್ ಬೀಡು ಕಬ್ಬಿಣ, ಮೇಲಿನ ಹೆಡ್ ಅಲ್ಯೂಮಿನಿಯಂ. ವಿಪರೀತ ಕಾದರೆ ಹೆಡ್ ಸೊಟ್ಟ ಆಗುತ್ತೆ, ಗ್ಯಾಸ್ಕೆಟ್ ಹೋಗುತ್ತೆ, ಆಯಿಲ್‌ಗೆ ನೀರು ಸೇರುತ್ತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಇದು ಸಣ್ಣ ಮಾತಲ್ಲ.

ಹಿಂದೆ ಎಲ್ಲರೂ ಮಾಡ್ತಿದ್ದದ್ದು ಏನು? ಬೋರ್‌ವೆಲ್ ನೀರು ತಂದು ರೇಡಿಯೇಟರ್‌ಗೆ ಸುರಿಯೋದು. ನಮ್ಮ ಕಡೆ ಬೋರ್ ನೀರು ಗಡುಸು. ಚಹಾ ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕೂರುತ್ತಲ್ಲ, ಅದೇ ಪದರ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕೂರುತ್ತೆ. ಹಾಗಾಗಿ ರೇಡಿಯೇಟರ್ ಬಿಚ್ಚಿ ಅಂಗಡಿಯಲ್ಲಿ ಸ್ವಚ್ಛ ಮಾಡಿಸಿದೆ, ಹೋಸ್ ಪೈಪ್ ಮತ್ತು ಫ್ಯಾನ್ ಬೆಲ್ಟ್ ಬದಲಿಸಿದೆ. ಥರ್ಮೋಸ್ಟಾಟ್ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ದಾರ ಕಟ್ಟಿ ಕುದಿಯೋ ನೀರಿನಲ್ಲಿ ಇಳಿಬಿಡಿ. ಬಾಯಿ ತೆರೆದರೆ ಸರಿ, ತೆರೆಯದಿದ್ದರೆ ಬದಲಿಸಿ. ಆಮೇಲೆ ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಹಾಕಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ಮಾತ್ರ ತೆಗೀಬೇಡಿ, ಮುಖ ಸುಟ್ಟುಹೋಗುತ್ತೆ.

4. ಪೆಟ್ರೋಲ್: ಹಳೇದು ವಿಷ, ಹೊಸದಕ್ಕೂ ಜಾಗ್ರತೆ

ನಿಂತ ಪೆಟ್ರೋಲ್ ಹಾರಿಹೋಗಿ ಕೊನೆಗೆ ಅಂಟಿನ ಹಾಗೆ ಉಳಿಯುತ್ತೆ. ನಮ್ಮ ಟ್ಯಾಂಕಿನ ತಳದಲ್ಲಿ ಕಂದು ಬಣ್ಣದ ಬೆಲ್ಲದ ಪಾಕದಂಥದ್ದು ಇತ್ತು. ಟ್ಯಾಂಕ್ ಇಳಿಸಿ ತೊಳೆಸಿದೆ. ಕಾರ್ಬೊರೇಟರ್ ಬಿಚ್ಚಿ, ಕ್ಲೀನರ್ ಸ್ಪ್ರೇ ಹೊಡೆದು, ಜೆಟ್‌ಗಳಿಗೆ ಗಾಳಿ ಹಾಕಿದೆ. ಜೆಟ್ ಅಂದ್ರೆ ಸೂಜಿ ಮೊನೆಯಂಥ ತೂತು, ಅದಕ್ಕೆ ತಂತಿ ತೂರಿಸಿದರೆ ತೂತು ದೊಡ್ಡದಾಗಿ ಗಾಡಿ ಪೆಟ್ರೋಲ್ ಕುಡಿಯೋಕೆ ಶುರು ಮಾಡುತ್ತೆ. ಬಿಚ್ಚುವ ಪ್ರತಿ ಹಂತದಲ್ಲೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನನ್ನ ಫೋನಿನಲ್ಲಿ ಮನೆಯವರ ಫೋಟೋಗಿಂತ ಆ ಕಾರ್ಬೊರೇಟರ್ ಫೋಟೋನೇ ಜಾಸ್ತಿ ಇವೆ.

ಈಗ ಬಂಕಿನಲ್ಲಿ ಸಿಗೋದು ಇ20, ಅಂದ್ರೆ 20% ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ನೀರು ಹೀರುತ್ತೆ, ಹಳೇ ಕಾಲದ ರಬ್ಬರನ್ನು ಮೆತ್ತಗೆ ಮಾಡುತ್ತೆ. ಹಾಗಾಗಿ ಪೆಟ್ರೋಲ್ ಪೈಪ್ ಮತ್ತು ಪಂಪಿನ ಡಯಾಫ್ರಂ ಎರಡನ್ನೂ ಎಥನಾಲ್ ತಡೆಯುವಂಥದ್ದೇ ಕೇಳಿ ಹಾಕಿಸಿ. ತಿಂಗಳುಗಟ್ಟಲೆ ಗಾಡಿ ನಿಲ್ಲಿಸೋದಾದರೆ ಕಾರ್ಬೊರೇಟರ್ ಖಾಲಿ ಮಾಡಿ ನಿಲ್ಲಿಸಿ.

ಈ ಕೆಲಸ ಬಯಲಿನಲ್ಲೇ ಮಾಡಿ. ಬೀಡಿ, ಸಿಗರೇಟ್, ಮೊಬೈಲ್ ಚಾರ್ಜರ್ ದೂರ ಇರಲಿ. ಬೆಂಕಿ ಆರಿಸುವ ಸಿಲಿಂಡರ್ ಒಂದು ಪಕ್ಕದಲ್ಲಿರಲಿ.

5. ಕರೆಂಟ್: ಇಲಿಗಳ ಕೃಪೆ

ರೈಸ್ ಮಿಲ್ ಪಕ್ಕದ ಶೆಡ್ ಅಂದ ಮೇಲೆ ಇಲಿ ಇಲ್ಲದೆ ಇರುತ್ತಾ? ಸೀಟಿನ ಸ್ಪಂಜಿನಲ್ಲಿ ಗೂಡು, ಡ್ಯಾಶ್‌ಬೋರ್ಡ್ ಹಿಂದಿನ ವೈರುಗಳೆಲ್ಲ ಕಡಿದದ್ದು. ಇಂಥ ಗಾಡಿಗೆ ಬ್ಯಾಟರಿ ಜೋಡಿಸಿದ್ದೇ ನನ್ನ ಇನ್ನೊಂದು ಮೂರ್ಖತನ. ಬರಿಯ ವೈರು ಬಾಡಿಗೆ ತಾಗಿ ಶಾರ್ಟ್ ಆಗಿದ್ದರೆ, ಪಕ್ಕದಲ್ಲೇ ಬಾಟ್ಲಿ ಪೆಟ್ರೋಲ್!

ಮೊದಲು ಕಣ್ಣಿಂದ ಪ್ರತಿ ವೈರ್ ನೋಡಿ, ಕಡಿದದ್ದು ಬದಲಿಸಿ. ಮಲ್ಟಿಮೀಟರ್ ಒಂದು ಕೊಳ್ಳಿ. ಎಂಜಿನ್‌ನಿಂದ ಬಾಡಿಗೆ ಬರುವ ಅರ್ಥ್ ವೈರ್ ಉಜ್ಜಿ ಬಿಗಿ ಮಾಡಿ, ಹಳೇ ಗಾಡಿಯ ಎಷ್ಟೋ ರೋಗ ಅದರಲ್ಲೇ ಇರುತ್ತೆ. ಡೆಲ್ಕೋ ಒಳಗಿನ ಪಾಯಿಂಟ್ ಮತ್ತು ಕಂಡೆನ್ಸರ್ ಹೊಸದು ಹಾಕಿ. ಪಾಯಿಂಟಿನ ಸಂದು ಅರ್ಧ ಮಿಲಿಮೀಟರಿಗಿಂತ ಚೂರು ಕಡಿಮೆ ಇರಬೇಕು, ಅಳೆಯೋಕೆ ಫೀಲರ್ ಗೇಜ್ ಸಿಗುತ್ತೆ.

ಕೊನೆಗೆ ಸ್ಟಾರ್ಟ್

ಈಗಲೂ ಸೀದಾ ಕೀ ತಿರುಗಿಸಬೇಡಿ. ಹಳೇ ಎಂಜಿನ್ ಆಯಿಲ್ ಇಳಿಸಿ ಹೊಸದು ಹಾಕಿ, ಫಿಲ್ಟರ್ ಬದಲಿಸಿ. ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರ್‌ಗೆ ಒಂದೆರಡು ಚಮಚ ಎಂಜಿನ್ ಆಯಿಲ್ ಬಿಟ್ಟು ಒಂದು ರಾತ್ರಿ ಬಿಡಿ. ಬೆಳಗ್ಗೆ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಮುಂದಿನ ಪುಲ್ಲಿ ನಟ್‌ಗೆ ಪಾನಾ ಹಾಕಿ ಕೈಯಿಂದಲೇ ಎಂಜಿನ್ ತಿರುಗಿಸಿ. ಸಲೀಸಾಗಿ ಪೂರ್ತಿ ಎರಡು ಸುತ್ತು ತಿರುಗಿದರೆ ಒಳ್ಳೇ ಸುದ್ದಿ. ತುಕ್ಕಿನಿಂದ ಅಂಟಿಕೊಂಡ ರಿಂಗ್‌ಗಳನ್ನು ಸ್ಟಾರ್ಟರ್ ಮೋಟರ್ ಜೋರಿನಲ್ಲಿ ಎಳೆದರೆ ಮುರಿಯುತ್ತವೆ. ನನ್ನ ಅದೃಷ್ಟ, ಮೊದಲ ದಿನ ಹಾಗಾಗಲಿಲ್ಲ. ಅದೃಷ್ಟವನ್ನು ನಂಬಿ ನೀವು ಮಾಡಬೇಡಿ.

ಎರಡನೇ ಸಲ ಎಂಜಿನ್ ಚಾಲೂ ಆದಾಗ ನಾನು ವಿಡಿಯೋ ಮಾಡಲಿಲ್ಲ. ಆಯಿಲ್ ಪ್ರೆಶರ್ ಲೈಟ್ ಆರಿತಾ, ನೀರಿನ ಬಿಸಿ ಎಷ್ಟಿದೆ, ಎಲ್ಲಿ ಸೋರ್ತಿದೆ ನೋಡ್ತಾ ನಿಂತಿದ್ದೆ. ಓಡಿಸಿ ನೋಡಿದ್ದೂ ಮಿಲ್ಲಿನವರನ್ನು ಕೇಳಿಕೊಂಡು ಅವರ ಕಾಂಪೌಂಡ್ ಒಳಗೆ ಮಾತ್ರ. ಯಾಕಂದ್ರೆ ಕಾಗದ ಇನ್ನೂ ಆಗಿರಲಿಲ್ಲ.

ಕಾಗದ ಪತ್ರ: ಪಾನಾ ಹಿಡಿಯೋಕಿಂತ ಮೊದಲೇ ವಿಚಾರಿಸಿ

"15 ವರ್ಷ ಆದ್ರೆ ಗಾಡಿ ಗುಜರಿಗೆ ಹಾಕಲೇಬೇಕು" ಅಂತ ಬಹಳ ಮಂದಿ ನಂಬಿದ್ದಾರೆ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಅನ್ನೋ ನಿರ್ಬಂಧದ ಸುದ್ದಿ ದೆಹಲಿ ಪ್ರದೇಶದ್ದು. ನಮ್ಮಲ್ಲಿ ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಗಾಡಿಯನ್ನು ಆರ್‌ಟಿಓ ತಪಾಸಣೆಯಲ್ಲಿ ಪಾಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಣ ಮಾಡಿಸಬಹುದು. ಅದಕ್ಕೆ ಫಾರ್ಮ್ 25. ತಾತನ ಹೆಸರಿನಲ್ಲಿದ್ದ ಗಾಡಿಯನ್ನು ವಾರಸುದಾರರ ಹೆಸರಿಗೆ ಮಾಡಿಸೋಕೆ ಫಾರ್ಮ್ 31. ನಮ್ಮಲ್ಲಿ ಅಜ್ಜಿ, ಅಮ್ಮ, ಮಾಮಾ ಎಲ್ಲರ ಒಪ್ಪಿಗೆ ಪತ್ರ ಹಾಕಿ, ಗಾಡಿ ಮಾಮಾನ ಹೆಸರಿಗೆ ಆಯ್ತು.

ಫೀಸ್ ವಿಷಯ ಗಮನಿಸಿ. 2022ರ ಏಪ್ರಿಲ್‌ನಿಂದ 15 ವರ್ಷ ದಾಟಿದ ಕಾರಿನ ನವೀಕರಣಕ್ಕೆ 5,000 ರೂಪಾಯಿ ಆಗಿತ್ತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000 ಮಾಡಿತು. ತಡ ಮಾಡಿದ್ದಕ್ಕೆ ಬೇರೆ ಹಣ, ಗ್ರೀನ್ ಟ್ಯಾಕ್ಸ್ ಬೇರೆ. ಜೊತೆಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್, ಹೊಗೆ ತಪಾಸಣೆ ಸರ್ಟಿಫಿಕೇಟ್. ನಿಮ್ಮ ಗಾಡಿಗೆ ಒಟ್ಟು ಎಷ್ಟಾಗುತ್ತೆ ಅಂತ ಆರ್‌ಟಿಓದಲ್ಲಿ ಲೆಕ್ಕ ಹಾಕಿಸಿಕೊಂಡೇ ಮೊದಲ ರೂಪಾಯಿ ಖರ್ಚು ಮಾಡಿ. ತಪಾಸಣೆಗೆ ರಾಯಚೂರಿಗೆ ಒಯ್ಯುವಾಗಲೂ ನಾನು ಓಡಿಸಲಿಲ್ಲ, ಟೋಯಿಂಗ್ ಗಾಡಿ ಮೇಲೆ ಒಯ್ದೆ.

ವಿಂಟೇಜ್ ನೋಂದಣಿ ಅಂತಾರಲ್ಲ, ಅದು ಬೇರೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ. ಹೊಸ ನೋಂದಣಿ ಫೀಸ್ 20,000. ಅಂಥ ಗಾಡಿಯನ್ನು ಪ್ರದರ್ಶನ, ರ್‍ಯಾಲಿಗಳಿಗೆ ಒಯ್ಯಬಹುದು, ದಿನನಿತ್ಯ ಓಡಿಸೋ ಹಾಗಿಲ್ಲ. ಧರ್ಮಸ್ಥಳದಲ್ಲಿ ವೀರೇಂದ್ರ ಹೆಗ್ಗಡೆಯವರ ಹಳೇ ಕಾರುಗಳ ಸಂಗ್ರಹ ನೋಡಿರ್ತೀರಿ, ಅಲ್ಲಿ ಇರೋವಂಥ ಗಾಡಿಗಳಿಗೆ ಅದು ಸರಿ. 1986ರ ಪದ್ಮಿನಿಗೆ ಇನ್ನೂ ಹತ್ತು ವರ್ಷ ಕಾಯಬೇಕು.

ಬಿ.ಕಾಂ ಲೆಕ್ಕ

ನನ್ನ ನೋಟ್‌ಬುಕ್ಕಿನಿಂದ ಓದ್ತೀನಿ. ಬ್ರೇಕ್ 9,400. ನಾಲ್ಕು ಟೈರ್, ಟ್ಯೂಬ್ 14,000. ರೇಡಿಯೇಟರ್ ಮತ್ತು ಹೋಸ್ 5,800. ಟ್ಯಾಂಕ್, ಕಾರ್ಬೊರೇಟರ್, ಪಂಪ್ 4,700. ಬ್ಯಾಟರಿ, ವೈರಿಂಗ್, ಪ್ಲಗ್, ಪಾಯಿಂಟ್ 9,600. ಆಯಿಲ್, ಫಿಲ್ಟರ್ 2,300. ನೆಲದ ವೆಲ್ಡಿಂಗ್ 6,500. ನನ್ನ ಸಲಕರಣೆ 7,200. ಒಟ್ಟು 59,500 ರೂಪಾಯಿ. ಕಾಗದ ಪತ್ರದ ಖರ್ಚು ಇದರಲ್ಲಿ ಇಲ್ಲ. ಐದು ತಿಂಗಳ ಭಾನುವಾರಗಳ ಕೂಲಿಯೂ ಇಲ್ಲ.

ಕಾಲೇಜಿನಲ್ಲಿ ಸಂಕ್ ಕಾಸ್ಟ್ ಅಂತ ಓದಿದ್ದೆ. ಈಗಾಗಲೇ ಹೋದ ದುಡ್ಡು, ಮುಂದಿನ ನಿರ್ಧಾರಕ್ಕೆ ಅದನ್ನು ಲೆಕ್ಕಕ್ಕೆ ತಗೋಬಾರದು. ಹೊಟ್ಟಿನ ರಾಶಿಗೆ ನುಗ್ಗಿದ ದಿನ ಬ್ಯಾಟರಿ ಅದೂ ಇದೂ ಅಂತ ಆರು ಸಾವಿರ ಹೋಗಿತ್ತು. "ಇಷ್ಟು ಹಾಕೀನಿ, ಬಿಡೋದು ಹೇಗೆ" ಅಂತ ಮನಸ್ಸು ಎಳೀತಿತ್ತು. ಅದು ತಪ್ಪು ಪ್ರಶ್ನೆ. ಸರಿಯಾದ ಪ್ರಶ್ನೆ ಇದು: ಇವತ್ತಿಂದ ಇನ್ನೆಷ್ಟು ಬೇಕು, ಗುಜರಿಯವನು ಕೊಡುವ 24,000 ಬಿಟ್ಟುಕೊಟ್ಟು ಅಷ್ಟನ್ನೂ ಹಾಕೋಕೆ ನಾವು ತಯಾರಿದ್ದೀವಾ? ಇದನ್ನು ನಾನು ಮಾಮಾನ ಮುಂದೆ ಕಾಗದದಲ್ಲಿ ಬರೆದಿಟ್ಟೆ. ಮಾರಿದರೆ ಹಾಕಿದ್ದು ವಾಪಸ್ ಬರುತ್ತೆ ಅಂತ ನಾನು ಹೇಳಲಿಲ್ಲ. ಅವರು ಬಹಳ ಹೊತ್ತು ನೋಡಿ, "ಅರ್ಧ ನಾ ಕೊಡ್ತೀನಿ" ಅಂದರು. ಕೀ ಮಾತ್ರ ಕೊಡಲಿಲ್ಲ.

ಯುಗಾದಿ ಹಿಂದಿನ ವಾರ

ಆರ್‌ಸಿ ಕೈಗೆ ಬಂತು. ಮೊದಲ ಪ್ರಯಾಣ ಮಾನ್ವಿಯಿಂದ ದೇವದುರ್ಗಕ್ಕೆ. ಮಾಮಾ ಪಕ್ಕದಲ್ಲಿ, ಹುಡುಗ ಹಿಂದೆ. 50ಕ್ಕಿಂತ ಜೋರು ಹೋಗಲಿಲ್ಲ. ಈ ಗಾಡಿಯಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಮುಂದಿನ ಗಾಡಿಯಿಂದ ಯಾವತ್ತೂ ಎರಡು ಪಟ್ಟು ದೂರ ಇರಬೇಕು. ಸಿರವಾರದಲ್ಲಿ ನಿಲ್ಲಿಸಿ ನಾಲ್ಕೂ ಗಾಲಿ ಮುಟ್ಟಿ ನೋಡಿದೆ, ಯಾವುದೂ ವಿಪರೀತ ಬಿಸಿಯಾಗಿರಲಿಲ್ಲ.

ಗ್ಯಾರೇಜ್ ಮುಂದೆ ನಿಲ್ಲಿಸಿದಾಗ ಉಸ್ತಾದ್ ಹೊರಗೆ ಬಂದರು. ಬಣ್ಣ ನೋಡಲಿಲ್ಲ, ಎಂಜಿನ್ ಸದ್ದೂ ಕೇಳಲಿಲ್ಲ. "ಬಂದ್ ಮಾಡು" ಅಂದರು. ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಪೆಡಲ್ ತುಳಿದು ಹಿಡಿದರು. ತುಟಿ ಅಲ್ಲಾಡುತ್ತಿತ್ತು, ಎಣಿಸ್ತಿದ್ದರು. ಮಾಮಾ ನನ್ನ ಕಡೆ ನೋಡಿದರು, ನಾನು ಪೆಡಲ್ ಕಡೆ ನೋಡಿದೆ. ಅರವತ್ತು ಆಗೋ ತನಕ ಯಾರೂ ಮಾತಾಡಲಿಲ್ಲ.

ಉಸ್ತಾದ್ ಕಾಲು ತೆಗೆದರು. "ಹೂಂ. ಈಗ ಬಾನೆಟ್ ತೆಗಿ, ನೋಡೂಣು" ಅಂದರು.

ನಿಮ್ಮ ಮನೆ ಹಿಂದೆಯೂ ಇಂಥದ್ದೊಂದು ಗಾಡಿ ನಿಂತಿದ್ದರೆ, ಈ ಕಂತನ್ನು ಬ್ಯಾಟರಿ ತರೋಕೆ ಹೋಗೋ ಮೊದಲು ಇನ್ನೊಮ್ಮೆ ಕೇಳಿ. ಮುಂದಿನ ವಾರ ಸಿಗೋಣ.